ಅಚ್ಚಾದದ್ದೆಲ್ಲ ಆಕರವಲ್ಲ

ನಮ್ಮ ಸಂಶೋಧನ ಪ್ರಬಂಧಗಳ ಗ್ರಂಥಋಣದ ಪುಟ ತೆರೆದು ನೋಡಿ. ಮೂಲಕೃತಿ, ಸಂಪಾದಿತ ಕೃತಿ, ಅಭಿನಂದನ ಗ್ರಂಥದ ಲೇಖನ, ಭಾನುವಾರದ ಪುರವಣಿ, ಪರೀಕ್ಷೆಯ ಗೈಡು, ಎಲ್ಲವೂ ಅಕಾರಾದಿಯಾಗಿ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿರುತ್ತವೆ. ಪಂಕ್ತಿಭೇದ ಊಟದಲ್ಲಿ ಅನ್ಯಾಯ. ಆಕರಗಳ ವಿಷಯದಲ್ಲಿ ಅದನ್ನು ಮಾಡದಿರುವುದೇ ಅನ್ಯಾಯ.

ಇದು ಬರೀ ಶಿಸ್ತಿನ ಮಾತಲ್ಲ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ಪ್ರಶ್ನಿಸಿದ ಪ್ರಸಂಗವನ್ನೇ ತೆಗೆದುಕೊಳ್ಳಿ. ಹನ್ನೆರಡನೆಯ ಶತಮಾನದಲ್ಲಿ ಯಾರೋ ಎದುರಿಗೆ ಕೂತು ಬರೆದುಕೊಂಡ ವರದಿ ಎಂಬಂತೆ ಅದನ್ನು ಉಲ್ಲೇಖಿಸುತ್ತೇವೆ. ಆ ಸಂವಾದ ನಮಗೆ ಸಿಗುವುದು 'ಶೂನ್ಯಸಂಪಾದನೆ'ಯಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯ ಅದನ್ನು ಮೊದಲು ಸಂಕಲಿಸಿದ್ದು ಹದಿನೈದನೆಯ ಶತಮಾನದಲ್ಲಿ. ಆಮೇಲೆ ಇನ್ನೂ ಮೂವರು ಅದನ್ನು ಪರಿಷ್ಕರಿಸಿದರು. ಬಿಡಿ ವಚನಗಳನ್ನು ಪ್ರಶ್ನೋತ್ತರವಾಗಿ ಜೋಡಿಸಿ, ನಡುವೆ ಗದ್ಯ ಹೆಣೆದವರು ಈ ಸಂಪಾದನಕಾರರು. ವಚನ ಅಕ್ಕನದೇ ಇರಬಹುದು, ಆದರೆ ಸಭೆಯನ್ನು ಕಟ್ಟಿದವರು ಅವರು. ನಡುವೆ ಸುಮಾರು 300 ವರ್ಷಗಳ ಅಂತರ. ಅದನ್ನು ಮರೆತರೆ ಅಕ್ಕನ ಬಾಯಲ್ಲಿ ಬೇರೊಂದು ಕಾಲದ ಗಂಡಸರ ಮಾತನ್ನು ಕೇಳಿ, ಅದನ್ನೇ ಸ್ತ್ರೀದನಿ ಎಂದು ಹೊಗಳುತ್ತೇವೆ.

ಹಾಗಾದರೆ ಶೂನ್ಯಸಂಪಾದನೆ ಸುಳ್ಳೇ? ಖಂಡಿತ ಅಲ್ಲ. ಹದಿನೈದನೆಯ ಶತಮಾನದವರು ಶರಣರನ್ನು ಹೇಗೆ ಕಲ್ಪಿಸಿಕೊಂಡರು ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಪ್ರಾಥಮಿಕ ಆಕರ ಸಿಗುವುದು ಕಷ್ಟ. ಕಲ್ಯಾಣದಲ್ಲಿ ನಿಜಕ್ಕೂ ನಡೆದದ್ದೇನು ಎಂಬ ಪ್ರಶ್ನೆಗೆ ಅದು ತಡವಾಗಿ ಬಂದ ಸಾಕ್ಷಿ. ಪುಸ್ತಕ ಒಂದೇ, ಪ್ರಶ್ನೆ ಬದಲಾದರೆ ಅದರ ಜಾತಿಯೂ ಬದಲಾಗುತ್ತದೆ. ಪ್ರಾಥಮಿಕ, ದ್ವಿತೀಯಕ ಎಂಬುದು ಗ್ರಂಥಾಲಯದವರು ಅಂಟಿಸುವ ಚೀಟಿಯಲ್ಲ, ಸಂಶೋಧಕ ತಾನೇ ಮಾಡಬೇಕಾದ ತೀರ್ಮಾನ.

'ವಚನ' ಎಂದು ಬರೆದರೂ ಸಾಲದು, ಯಾವ ಸಂಪಾದನೆಯ ಪಾಠ ಎಂದು ಹೇಳಬೇಕು. ಫ.ಗು. ಹಳಕಟ್ಟಿಯವರು ಓಲೆಗರಿಗಳಿಂದ ಎತ್ತಿ 1923ರಲ್ಲಿ ಪ್ರಕಟಿಸಿದ 'ವಚನಶಾಸ್ತ್ರಸಾರ' ಬೇರೆ; ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯ ಬೇರೆ. ಮೊಬೈಲಿನಲ್ಲಿ ಹರಿದುಬರುವ, ಅಂಕಿತವೇ ಅದಲುಬದಲಾದ ಸಾಲುಗಳಂತೂ ಯಾವ ಲೆಕ್ಕಕ್ಕೂ ಇಲ್ಲ.

ಇದನ್ನು ಕಲಿಸಬೇಕಾದವರು ಮಾರ್ಗದರ್ಶಕರು. ಅವರೋ ಗ್ರಂಥಋಣದಲ್ಲಿ ನೂರು ಹೆಸರಿವೆಯೇ, ಪುಸ್ತಕಕ್ಕೆ ಐಎಸ್‌ಬಿಎನ್ ಇದೆಯೇ ಎಂದು ಎಣಿಸುತ್ತಾರೆ. ಆ ಸಂಖ್ಯೆ ಅಡುಗೆ ಪುಸ್ತಕಕ್ಕೂ ಸಿಗುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಕೇಳಬೇಕಾದದ್ದು ಇಷ್ಟೇ: ಇದನ್ನು ಹೇಳಿದವರು ಯಾರು, ಯಾವಾಗ, ಅವರಿಗೆ ಹೇಗೆ ಗೊತ್ತು? ಇದಕ್ಕೆ ಉತ್ತರವಿಲ್ಲದ ನೂರು ಪುಸ್ತಕಗಳ ಪಟ್ಟಿಗಿಂತ ಉತ್ತರವಿರುವ ಹತ್ತು ಪುಸ್ತಕಗಳ ಪಟ್ಟಿಗೆ ಹೆಚ್ಚು ಅಂಕ ಕೊಡಿ.