ಅನ್ಯಭಾಷೆಗೆ ಅರ್ಥ ಹೇಳುವವರನ್ನು ಕೇಳುವವರು ಯಾರು?

ಪೆಂತೆಕೊಸ್ತ್ ಸಭೆಗಳಲ್ಲಿ ಪ್ರಾರ್ಥನೆ ಜೋರಾದಾಗ ಕೆಲವರ ಬಾಯಿಂದ ಯಾರಿಗೂ ತಿಳಿಯದ ಮಾತು ಬರುತ್ತದೆ. ಅದನ್ನು ಅನ್ಯಭಾಷೆ ಎನ್ನುತ್ತಾರೆ. ಕದ್ದು ವಿಡಿಯೋ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿ ನಗುವವರ ಜೊತೆ ನಾವಿಲ್ಲ. ದೇವರ ಮುಂದೆ ಯಾರು ಹೇಗೆ ಮೊರೆಯಿಡುತ್ತಾರೆ ಅನ್ನುವುದು ಅವರಿಗೆ ಬಿಟ್ಟಿದ್ದು.

ನಮ್ಮ ತಕರಾರು ಆಮೇಲಿನದ್ದು. ಇನ್ನೊಬ್ಬರು ಎದ್ದು "ಕರ್ತನು ಹೀಗೆ ಹೇಳುತ್ತಿದ್ದಾನೆ" ಎಂದು ಕನ್ನಡದಲ್ಲಿ ಅರ್ಥ ಹೇಳಿದರೆ, ಅದನ್ನು ಪ್ರಶ್ನಿಸುವುದೇ ಅವಿಶ್ವಾಸ ಎನ್ನುತ್ತಾರಲ್ಲ, ಅದನ್ನು ನಾವು ಒಪ್ಪುವುದಿಲ್ಲ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ನೆನಪಿಸಿಕೊಳ್ಳಿ. ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲು ಎಲ್ಲರಿಗೂ ತಿಳಿಯುವ ಕನ್ನಡ. ಮಳೆಗೆ ಹೇಳಿದ್ದು ಎಂದು ಒಬ್ಬರು, ರಾಜಕೀಯಕ್ಕೆ ಹೇಳಿದ್ದು ಎಂದು ಇನ್ನೊಬ್ಬರು ಕಟ್ಟೆ ಮೇಲೆ ಕೂತು ವಾದ ಮಾಡುತ್ತಾರೆ. ಅನ್ಯಭಾಷೆಯಲ್ಲಿ ಮೂಲ ಮಾತೇ ಯಾರಿಗೂ ಗೊತ್ತಿಲ್ಲ. ಹೇಳುವವರು ಹೇಳಿದ್ದೇ ಅರ್ಥ.

ಈ ಚಳವಳಿ ಲೋಕಕ್ಕೆಲ್ಲ ಹಬ್ಬಿದ್ದು 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ವಿಲಿಯಂ ಸೆಮೋರ್ ನಡೆಸಿದ ಕೂಟಗಳಿಂದ. ಅಲ್ಲಿಗೆ ಹೋಗಿದ್ದ ಆಲ್‌ಫ್ರೆಡ್ ಗಾರ್ ಎಂಬ ಪಾಸ್ಟರ್, ಆತ್ಮವೇ ತನಗೆ ಬಂಗಾಳಿ ಕೊಟ್ಟಿದೆ ಎಂದು ನಂಬಿ ಹಡಗು ಹತ್ತಿ ಕಲ್ಕತ್ತಾಕ್ಕೆ ಬಂದರು. ಬಂಗಾಳಿ ಬರಲಿಲ್ಲ. ಅಲ್ಲಿ ಭಾಷೆ ಗೊತ್ತಿದ್ದ ಜನ ಎದುರಿಗಿದ್ದರು, ಹಾಗಾಗಿ ಸತ್ಯ ತಿಳಿಯಿತು. ಅರ್ಥ ಹೇಳುವವರ ಎದುರು ಅಂಥ ಜನ ಇರುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಕಿಲ್ಡಾಲ್ ಒಂದೇ ಧ್ವನಿಮುದ್ರಣವನ್ನು ಬೇರೆ ಬೇರೆ ಅರ್ಥ ಹೇಳುವವರಿಗೆ ಕೇಳಿಸಿದ್ದರು. ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆಯಾಗಲಿಲ್ಲ. "ದೇವರು ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡುತ್ತಾನೆ" ಎನ್ನಬಹುದು. ಹಾಗಿದ್ದರೆ ಒಬ್ಬರಿಗೆ ಸಿಕ್ಕ ಅರ್ಥ ಇನ್ನೊಬ್ಬರಿಗೆ ಆಜ್ಞೆ ಆಗುವುದು ಹೇಗೆ?

ಬೈಬಲ್ಲಾದರೂ ಏನು ಹೇಳುತ್ತದೆ? ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೇ ಅಧ್ಯಾಯ ಓದಿ. ಅನ್ಯಭಾಷೆ ಆಡುವವರು ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರಾದ ಮೇಲೆ ಒಬ್ಬರು. ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಬೇಕು. ದೇವರ ಹೆಸರಲ್ಲಿ ಪ್ರವಾದನೆ ಬಂದರೆ ಉಳಿದವರು ಅದನ್ನು ತೂಗಿ ನೋಡಬೇಕು. ಅಂದರೆ ಪರೀಕ್ಷಿಸುವುದು ಅವಿಶ್ವಾಸವಲ್ಲ, ಸಭೆಯ ಕೆಲಸ.

ಅದಕ್ಕೇ ನಾವು ಹೇಳುವುದಿಷ್ಟು. ಸಮಾಧಾನದ ಮಾತು ಬಂದರೆ ಸಂತೋಷವಾಗಿ ತೆಗೆದುಕೊಳ್ಳಿ. ಶುಗರ್ ಮಾತ್ರೆ ಬಿಡು, ಹೊಲ ಮಾರಿ ಕಾಣಿಕೆ ಹಾಕು, ಈ ಹುಡುಗನನ್ನೇ ಮದುವೆಯಾಗು ಎಂಬ "ಅರ್ಥ" ಬಂದರೆ ಅಲ್ಲೇ ತಲೆಯಾಡಿಸಬೇಡಿ. ಡಾಕ್ಟರನ್ನು ಕೇಳಿ, ಮನೆಯವರನ್ನು ಕೇಳಿ, ಸಭೆಯ ಹಿರಿಯರನ್ನು ಕೂರಿಸಿ ಮಾತಾಡಿ. ಪಾಸ್ಟರ್ ಸಿಟ್ಟಾದರೆ 14ನೇ ಅಧ್ಯಾಯ ತೆಗೆದು ತೋರಿಸಿ.