ಪಿಕಲ್‌ಬಾಲ್: ಕೈಬಲಕ್ಕಿಂತ ಕೈಹಿಡಿತ

ಶಾಲೆಗಳ ವಾರ್ಷಿಕ ಕ್ರೀಡಾಕೂಟದಲ್ಲಿ ಬಹುಮಾನ ಪಡೆದ ಮಕ್ಕಳ ಯಾದಿಯನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವಯಸ್ಸಿಗೆ ಮೀರಿ ಬೆಳೆದ, ಮೈಕಟ್ಟು ಗಟ್ಟಿಯಾಗಿರುವ ಕೆಲವೇ ಹುಡುಗರ ಹೆಸರುಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಉಳಿದ ಮಕ್ಕಳು ಗೆರೆಯಾಚೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಹತ್ತು ವರ್ಷ ಶಾಲೆಯಲ್ಲಿ ಕಳೆದರೂ ಒಂದು ಆಟವನ್ನಾದರೂ ಕ್ರಮವಾಗಿ ಕಲಿಯದೆ ಹೊರಬೀಳುವವರು ಅನೇಕರು. ಅವರಲ್ಲಿ ಹೆಣ್ಣುಮಕ್ಕಳ ಪಾಲು ಸಣ್ಣದಲ್ಲ. ಇದು ಮಕ್ಕಳ ಕೊರತೆಯೆನ್ನುವುದಕ್ಕಿಂತ, ಬಲವನ್ನೇ ನೈಪುಣ್ಯವೆಂದು ಎಣಿಸುವ ಹಿರಿಯರ ದೃಷ್ಟಿಯ ಕೊರತೆಯೆನ್ನುವುದೇ ಲೇಸು. ಈಚಿನ ವರ್ಷಗಳಲ್ಲಿ ದೇಶದ ನಗರಗಳಲ್ಲಿ ವೇಗವಾಗಿ ಹಬ್ಬುತ್ತಿರುವ ಪಿಕಲ್‌ಬಾಲ್ ಎಂಬ ಆಟವು ಈ ದೃಷ್ಟಿಯನ್ನು ತಿದ್ದಲು ನೆರವಾಗಬಲ್ಲದು. ಆದರೆ ಅದನ್ನು ಕಲಿಸುವ ಕ್ರಮ ಸರಿಯಾಗಿದ್ದಾಗ ಮಾತ್ರ ಈ ಪ್ರಯೋಜನ ದೊರೆಯುತ್ತದೆ.

ಆಟದ ಹುಟ್ಟೇ ಸ್ವಾರಸ್ಯವಾದುದು. 1965ರ ಬೇಸಗೆಯಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ, ಜೋಯಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಎಂಬಿಬ್ಬರು ಬೇಸರಗೊಂಡಿದ್ದ ಮನೆಯ ಮಕ್ಕಳಿಗೆ ಒಂದು ಆಟವನ್ನು ಹುಡುಕಬೇಕಾಯಿತು. ಮನೆಯ ಬಳಿ ಹಳೆಯದೊಂದು ಬ್ಯಾಡ್ಮಿಂಟನ್ ಅಂಕಣವಿತ್ತು. ಆದರೆ ಆಡಲು ಬೇಕಾದ ಸಾಮಗ್ರಿ ಪೂರ್ತಿಯಾಗಿ ಸಿಗಲಿಲ್ಲ. ಕೈಗೆ ಸಿಕ್ಕ ಟೇಬಲ್ ಟೆನಿಸ್ ಬ್ಯಾಟುಗಳನ್ನೂ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನೂ ಹಿಡಿದು ಆಟ ಆರಂಭವಾಯಿತು. ಡಾಂಬರಿನ ನೆಲದಲ್ಲಿ ಚೆಂಡು ಚೆನ್ನಾಗಿ ಪುಟಿಯುವುದನ್ನು ಕಂಡು, 60 ಅಂಗುಲ ಎತ್ತರದಲ್ಲಿದ್ದ ಬಲೆಯನ್ನು 36 ಅಂಗುಲಕ್ಕೆ ಇಳಿಸಲಾಯಿತು. ಸ್ನೇಹಿತ ಬಾರ್ನಿ ಮೆಕ್ಕಲಮ್ ಅವರೊಡನೆ ಸೇರಿದ ಮೇಲೆ ನಿಯಮಗಳು ರೂಪುಗೊಂಡವು. ಇಲ್ಲದುದಕ್ಕೆ ಹಲುಬದೆ ಇರುವುದರಲ್ಲೇ ದಾರಿ ಕಂಡುಕೊಂಡ ಆಟವಿದು. ಭಾರತದಲ್ಲಿ ಸುನಿಲ್ ವಾಲಾವಲ್ಕರ್ ಅವರ ಮುಂದಾಳುತನದಲ್ಲಿ ಇದು ಮುಂಬಯಿಯಲ್ಲಿ ಬೇರೂರಿತು. 2008ರಲ್ಲಿ ಇದಕ್ಕೆ ಅಖಿಲ ಭಾರತ ಮಟ್ಟದ ಸಂಘವೊಂದು ಏರ್ಪಟ್ಟಿತು.

ಅಂಕಣದ ಅಳತೆ 44 ಅಡಿ ಉದ್ದ, 20 ಅಡಿ ಅಗಲ. ಇದು ಜೋಡಿ ಬ್ಯಾಡ್ಮಿಂಟನ್ ಅಂಕಣದ ಅಳತೆಯೇ ಆಗಿದೆ. ಬಲೆಯ ಎತ್ತರ ಅಂಚುಗಳಲ್ಲಿ 36 ಅಂಗುಲ, ನಡುವೆ 34 ಅಂಗುಲ. ಸರ್ವಿಸನ್ನು ಕೈಯನ್ನು ಕೆಳಗಿನಿಂದ ಬೀಸಿ, ಎದುರಿನ ಕರ್ಣಭಾಗಕ್ಕೆ ಕಳುಹಿಸಬೇಕು. ಸರ್ವಿಸನ್ನು ಎದುರಾಳಿ ಒಮ್ಮೆ ನೆಲಕ್ಕೆ ಪುಟಿಯಬಿಟ್ಟೇ ಹೊಡೆಯಬೇಕು. ಮರಳಿ ಬಂದ ಆ ಚೆಂಡನ್ನು ಸರ್ವಿಸ್ ಮಾಡಿದ ಪಕ್ಷವೂ ಒಮ್ಮೆ ಪುಟಿಯಬಿಡಬೇಕು. ಸಾಂಪ್ರದಾಯಿಕ ಪದ್ಧತಿಯಲ್ಲಿ ಸರ್ವಿಸ್ ಮಾಡುವ ಪಕ್ಷಕ್ಕೆ ಮಾತ್ರ ಅಂಕ. 11 ಅಂಕಗಳನ್ನು ಕನಿಷ್ಠ ಎರಡು ಅಂಕಗಳ ಅಂತರದಿಂದ ಮೊದಲು ಗಳಿಸಿದವರು ಗೆದ್ದಂತೆ.

ಈ ನಿಯಮಗಳ ನಡುವೆ ಆಟದ ತಿರುಳನ್ನು ಹಿಡಿದಿಟ್ಟಿರುವುದು ಇನ್ನೊಂದು ನಿಯಮ. ಬಲೆಯ ಎರಡೂ ಬದಿಗೆ 7 ಅಡಿಯ ಪಟ್ಟಿಯೊಂದನ್ನು ಗುರುತಿಸಲಾಗುತ್ತದೆ. ಆಟಗಾರರು ಅದನ್ನು ಸಲುಗೆಯಿಂದ ‘ಕಿಚನ್’, ಎಂದರೆ ಅಡುಗೆಮನೆ, ಎಂದು ಕರೆಯುತ್ತಾರೆ. ಈ ಪಟ್ಟಿಯಲ್ಲಿ ನಿಂತು, ಅಥವಾ ಅದರ ಗೆರೆಯನ್ನು ತುಳಿದು, ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಹೊಡೆದ ರಭಸಕ್ಕೆ ಮುಗ್ಗರಿಸಿ ಒಳಗೆ ಕಾಲಿಟ್ಟರೂ ತಪ್ಪು ತಪ್ಪೇ. ಪುಟಿದ ಚೆಂಡನ್ನು ಹೊಡೆಯಲು ಒಳಗೆ ಹೋಗಬಹುದು. ಎತ್ತರದ ಆಳು ಬಲೆಗೆ ಒತ್ತಿ ನಿಂತು ಬಂದ ಚೆಂಡನ್ನೆಲ್ಲ ನೆಲಕ್ಕೆ ಅಪ್ಪಳಿಸುವ ದಾರಿಯನ್ನು ಈ ಒಂದು ಗೆರೆ ಮುಚ್ಚಿಬಿಡುತ್ತದೆ. ಆದುದರಿಂದಲೇ ಹನ್ನೆರಡರ ಹುಡುಗಿಯೂ ಅರವತ್ತರ ನಿವೃತ್ತ ಶಿಕ್ಷಕರೂ ಒಂದೇ ಅಂಕಣದಲ್ಲಿ ಅರ್ಥಪೂರ್ಣವಾಗಿ ಆಡಲು ಸಾಧ್ಯವಾಗುತ್ತದೆ. ಬಲಕ್ಕೆ ಇಲ್ಲಿ ಸ್ಥಾನವಿಲ್ಲವೆಂದು ಅರ್ಥವಲ್ಲ. ಬಲವು ತನ್ನ ಸರದಿಗೆ ಕಾಯಬೇಕಾಗುತ್ತದೆ.

ಹಾಗಿದ್ದರೂ ಹೊಸದಾಗಿ ಕಲಿಯುವವರು ಮೊದಲ ದಿನದಿಂದಲೇ ಚೆಂಡನ್ನು ಜೋರಾಗಿ ಬಾರಿಸಲು ತೊಡಗುವುದು ಸಾಮಾನ್ಯ. ಒಂದೆರಡು ಹೊಡೆತ ಫಲಿಸುತ್ತವೆ. ಹತ್ತಾರು ಬಲೆಗೆ ಬೀಳುತ್ತವೆ ಅಥವಾ ಗೆರೆಯಾಚೆ ಹಾರುತ್ತವೆ. ಆರಂಭದ ಹಂತದಲ್ಲಿ ಆಟ ಕೈತಪ್ಪುವುದು ಎದುರಾಳಿಯ ಚಾತುರ್ಯಕ್ಕಿಂತ ಹೆಚ್ಚಾಗಿ ಸ್ವಂತ ಅವಸರದಿಂದ. ಆದುದರಿಂದ ಈ ಆಟದ ಶಿಕ್ಷಣ ಮೆಲುಹೊಡೆತದಿಂದ ಮೊದಲಾಗಬೇಕು. ಬಿರುಹೊಡೆತ ಕೊನೆಗೆ ಬರಬೇಕು.

ಈ ಮಾತಿಗೆ ಕನ್ನಡ ನಾಡಿನಲ್ಲೇ ಉಜ್ವಲ ನಿದರ್ಶನವಿದೆ. ಅದು ಪಿಕಲ್‌ಬಾಲಿಗೆ ಅಂಕಣವನ್ನು ಒದಗಿಸಿದ ಬ್ಯಾಡ್ಮಿಂಟನ್ ಆಟದ್ದು. 1980ರ ಮಾರ್ಚ್ 23ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಪ್ರಕಾಶ್ ಪಡುಕೋಣೆಯವರ ಎದುರಿಗಿದ್ದವರು ಇಂಡೊನೇಷ್ಯದ ಲಿಯೆಮ್ ಸ್ವಿ ಕಿಂಗ್. 1978 ಮತ್ತು 1979ರಲ್ಲಿ ಆ ಪ್ರಶಸ್ತಿಯನ್ನು ಗೆದ್ದಿದ್ದ ಕಿಂಗ್, ನೆಗೆದು ಬಾರಿಸುವ ಹೊಡೆತಕ್ಕೆ ಜಗತ್ಪ್ರಸಿದ್ಧರು. ಬಲಕ್ಕೆ ಬಲವನ್ನೊಡ್ಡುವ ದಾರಿಯನ್ನು ಪ್ರಕಾಶರು ಹಿಡಿಯಲಿಲ್ಲ. ಆಟದ ವೇಗವನ್ನೇ ತಗ್ಗಿಸಿ, ಬಲೆಯ ಬಳಿ ಮೆಲ್ಲಗೆ ಇಳಿಯುವ ಹೊಡೆತಗಳಿಂದಲೂ ಅರ್ಧಬಲದ ಹೊಡೆತಗಳಿಂದಲೂ ಎದುರಾಳಿಯ ಲಯವನ್ನು ಕೆಡಿಸಿದರು. 15–3, 15–10ರಿಂದ ಗೆದ್ದು, ಆ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರಾದರು.

ಆ ಕೈಹಿಡಿತ ವಿದೇಶದ ವೈಭವದ ಕ್ರೀಡಾಂಗಣದಲ್ಲಿ ಮೊಳೆತದ್ದಲ್ಲ. ಬಾಲ್ಯದಲ್ಲಿ ಅವರು ಅಭ್ಯಾಸ ಮಾಡಿದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳು ನಡೆಯುವ ಜಾಗವೂ ಆಗಿತ್ತು. ಸಮಾರಂಭವಿದ್ದ ದಿನ ಆಟವಿಲ್ಲ. ಇಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಟ. ಸಮನಾದ ನೆಲ, ಒಂದು ಬಲೆ, ತಪ್ಪದ ಅಭ್ಯಾಸ ಇವಿಷ್ಟರಿಂದ ಆರಂಭವಾದ ಸಾಧನೆಯದು. ಗ್ರಾಮಾಂತರ ಶಾಲೆಗಳು ಈ ಸಂಗತಿಯನ್ನು ಮನನ ಮಾಡಬೇಕು.

ಹಾಗಾದರೆ ಅಭ್ಯಾಸದ ಕ್ರಮವೇನು? ಮೊದಲನೆಯದು ಬಲೆಯಂಚಿನ ಮೆಲುಹೊಡೆತ. ಇದನ್ನು ಆಟಗಾರರು ‘ಡಿಂಕ್’ ಎನ್ನುತ್ತಾರೆ. ಇಬ್ಬರು ಮಕ್ಕಳು 7 ಅಡಿಯ ಗೆರೆಗಳ ಹಿಂದೆ ಎದುರುಬದುರಾಗಿ ನಿಂತು, ಚೆಂಡು ಬಲೆಯನ್ನು ದಾಟಿ ಎದುರಿನ ಪಟ್ಟಿಯೊಳಗೇ ಬೀಳುವಂತೆ ಕಳುಹಿಸುತ್ತಿರಬೇಕು. ಮೊಣಕಾಲು ತುಸು ಬಾಗಿರಲಿ, ಹಿಡಿ ಸಡಿಲವಾಗಿರಲಿ, ಮಣಿಕಟ್ಟನ್ನು ಕುಣಿಸದೆ ಭುಜದಿಂದ ಕೈಯನ್ನು ಚಲಿಸಲಿ. ಇಲ್ಲಿ ಗೆಲ್ಲುವುದು ಗುರಿಯಲ್ಲ. ಜೋಡಿಯಾಗಿ ಚೆಂಡನ್ನು ಉಳಿಸುವುದು ಗುರಿ. ಹತ್ತು ಹೊಡೆತ ಉಳಿದರೆ ಇಪ್ಪತ್ತಕ್ಕೆ, ಇಪ್ಪತ್ತು ಉಳಿದರೆ ಐವತ್ತಕ್ಕೆ ಪ್ರಯತ್ನ ಸಾಗಲಿ. 20 ಅಡಿ ಅಗಲದ ಅಂಕಣದಲ್ಲಿ ಒಮ್ಮೆಗೆ ನಾಲ್ಕು ಜೋಡಿ ನಿಲ್ಲಬಹುದು. 40 ಮಕ್ಕಳ ತರಗತಿಯನ್ನು ಎಂಟೆಂಟರ ಐದು ಗುಂಪು ಮಾಡಿದರೆ, ಒಂದೇ ಬಲೆಯಿದ್ದರೂ 40 ನಿಮಿಷಗಳಲ್ಲಿ ಪ್ರತಿ ಮಗುವಿಗೆ 8 ನಿಮಿಷಗಳ ಅಭ್ಯಾಸ ದೊರೆಯುತ್ತದೆ.

ಎರಡನೆಯದು ಸರ್ವಿಸ್ ಮತ್ತು ಅದರ ಮರುಹೊಡೆತ. ಇವೆರಡರಲ್ಲೂ ವೇಗಕ್ಕಿಂತ ಆಳ ಮುಖ್ಯ. ಹಿಂಗೆರೆಯಿಂದ ಮೂರಡಿ ಒಳಗೆ ಸೀಮೆಸುಣ್ಣದಿಂದ ಇನ್ನೊಂದು ಗೆರೆಯೆಳೆದು, ಹತ್ತು ಸರ್ವಿಸ್‌ಗಳಲ್ಲಿ ಎಷ್ಟು ಆ ಎರಡು ಗೆರೆಗಳ ನಡುವೆ ಬಿದ್ದವೆಂದು ಎಣಿಸಬೇಕು. ಮರುಹೊಡೆತವೂ ಹಿಂಗೆರೆಯ ಹತ್ತಿರ ಬಿದ್ದರೆ ಸರ್ವಿಸ್ ಮಾಡಿದವರು ಹಿಂದೆಯೇ ಉಳಿಯಬೇಕಾಗುತ್ತದೆ. ಹೊಡೆದವರಿಗೆ ಮುಂದೆ ಬಂದು ಪಟ್ಟಿಯ ಗೆರೆಯ ಬಳಿ ನೆಲೆ ನಿಲ್ಲಲು ಸಮಯ ಸಿಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಠಿಣ. ಸರ್ವಿಸ್ ಮಾಡಿದ ಪಕ್ಷ ಹಿಂಗೆರೆಯ ಬಳಿಯಿಂದ ಹೊಡೆಯುವ ಮೂರನೆಯ ಹೊಡೆತವಿದು. ಎದುರಾಳಿಗಳು ಆಗಲೇ ಮುಂದೆ ಬಂದು ನಿಂತಿರುತ್ತಾರೆ. ಇಲ್ಲಿ ಜೋರಾಗಿ ಬಾರಿಸಿದರೆ ಅನೇಕ ವೇಳೆ ಚೆಂಡು ಅವರ ಕೈಗೇ ಹೋಗುತ್ತದೆ. ಕಮಾನಿನಂತೆ ಏರಿ, ಬಲೆಯನ್ನು ದಾಟುತ್ತಲೇ ಇಳಿದು, ಎದುರಿನ ಪಟ್ಟಿಯಲ್ಲಿ ಬೀಳುವ ಹೊಡೆತವನ್ನು ಕಲಿಯಬೇಕು. ಮೊದಲು ಬಲೆಯ ಹತ್ತಿರದಿಂದ, ಬಳಿಕ ಅಂಕಣದ ನಡುವಿನಿಂದ, ಕೊನೆಗೆ ಹಿಂಗೆರೆಯಿಂದ ಅಭ್ಯಾಸ ಮಾಡುತ್ತ ಹೋದರೆ ಅಂತರದ ಅಂದಾಜು ಕೈಗೆ ತಾನಾಗಿ ಬರುತ್ತದೆ.

ನಾಲ್ಕನೆಯದು ವಿವೇಚನೆ. ಬಲೆಯ ಮಟ್ಟಕ್ಕಿಂತ ಮೇಲೆ ಬಂದ ಚೆಂಡನ್ನು ಧೈರ್ಯವಾಗಿ ಕೆಳಮುಖವಾಗಿ ಹೊಡೆಯಬಹುದು. ಬಲೆಯ ಮಟ್ಟಕ್ಕಿಂತ ಕೆಳಗಿಳಿದ ಚೆಂಡನ್ನು ಮೇಲೆತ್ತಲೇಬೇಕಾದುದರಿಂದ ಅದನ್ನು ಮೆಲ್ಲಗೆ ಎತ್ತಬೇಕು. ಎದುರಾಳಿ ಹೊಡೆಯುವ ಕ್ಷಣದಲ್ಲಿ ಓಟವನ್ನು ತಡೆದು ಎರಡೂ ಪಾದಗಳನ್ನು ಊರಿ ನಿಲ್ಲಬೇಕು. ಬ್ಯಾಟು ಎದೆಯ ಮುಂದಿರಬೇಕು. ಇಬ್ಬರ ನಡುವೆ ಬಂದ ಚೆಂಡು ಯಾರದೆಂಬುದನ್ನು ಜೊತೆಯಾಟಗಾರರು ಬಾಯಿಬಿಟ್ಟು ಹೇಳಬೇಕು. ತಲೆಯ ಮೇಲೆ ಹೋದ ಚೆಂಡಿಗಾಗಿ ಬೆನ್ನುಹಿಂದಾಗಿ ಓಡಕೂಡದು, ತಿರುಗಿಕೊಂಡು ಓಡಬೇಕು. ಮಧ್ಯವಯಸ್ಸು ದಾಟಿದ ಹಳೆಯ ವಿದ್ಯಾರ್ಥಿಗಳು ಈ ಕೊನೆಯ ಎಚ್ಚರಿಕೆಯನ್ನು ಮರೆಯದಿರುವುದು ಒಳಿತು. ಬಿದ್ದು ಮುಂಗೈ ಮುರಿದುಕೊಂಡರೆ ಆಟದ ಹುರುಪೆಲ್ಲ ಅಲ್ಲಿಗೇ ಮುಗಿಯುತ್ತದೆ.

ಇವೆಲ್ಲ ನಗರದವರ ವಿನೋದ, ಹಳ್ಳಿಗೆ ಕಬಡ್ಡಿ ಮತ್ತು ಖೊ-ಖೊ ಸಾಲದೇ ಎಂಬ ಆಕ್ಷೇಪಣೆ ಬರಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. ಆ ಆಟಗಳಿಗೆ ನೆಲವೊಂದಿದ್ದರೆ ಸಾಕು. ಅವುಗಳ ಸ್ಥಾನವನ್ನು ಬೇರಾವ ಆಟವೂ ಕಸಿಯಬಾರದು. ಆದರೆ ಅವೆರಡೂ ಕಾಲಿನ ವೇಗ, ಮೈಯ ಕಸುವು, ಉಸಿರಿನ ದಾರ್ಢ್ಯಗಳನ್ನು ಮುಖ್ಯವಾಗಿ ಬೇಡುತ್ತವೆ. ಅವುಗಳಲ್ಲಿ ಹಿಂದುಳಿದ ಮಗುವಿಗೆ ಇನ್ನೊಂದು ಬಾಗಿಲು ಬೇಕು. ದಕ್ಷಿಣ ಭಾರತದ ಶಾಲೆಗಳಿಗೆ ಬಹುಕಾಲದಿಂದ ಪರಿಚಿತವಾದ ಬಾಲ್ ಬ್ಯಾಡ್ಮಿಂಟನ್ ಆಟ, ಉಣ್ಣೆಯ ಚೆಂಡಿನೊಡನೆ, ಇಂಥದೇ ಕೈಚಳಕವನ್ನು ಬೆಳೆಸಿತು. ಅದನ್ನು ಬಲ್ಲ ಶಿಕ್ಷಕರಿಗೆ ಪಿಕಲ್‌ಬಾಲ್ ತೀರ ಅಪರಿಚಿತವೆನಿಸದು. ಚೆಂಡು ನೆಲದಿಂದ ಪುಟಿಯುವುದನ್ನು ಕಾಯುವುದೊಂದೇ ಹೊಸ ಪಾಠ.

ನಿಜವಾದ ತೊಡಕಿರುವುದು ನೆಲದಲ್ಲಿ. 2009ರ ಡಿಸೆಂಬರಿನಲ್ಲಿ ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಯಾದಗಿರಿ ಜಿಲ್ಲೆಯಲ್ಲಿ, ಕೃಷ್ಣಾ–ಭೀಮಾ ನದಿಗಳ ನಡುವಣ ವಡಗೇರಾ ಸೀಮೆ ಎರೆಮಣ್ಣಿನ ನಾಡು. ಎರೆಯ ನೆಲ ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಟೊಳ್ಳಾದ ಪ್ಲಾಸ್ಟಿಕ್ ಚೆಂಡು ಅಂಥ ನೆಲದಲ್ಲಿ ನೆಟ್ಟಗೆ ಪುಟಿಯದು. ಶಹಾಬಾದಿನ ಫರಸಿ ಹಾಸಿದ ಅಂಗಳಗಳು ಈ ಭಾಗದಲ್ಲಿ ಅಪರೂಪವಲ್ಲ. ಆದರೆ ಫರಸಿಗಳ ಸಂದು ಏರುಪೇರಾಗಿದ್ದರೆ ಚೆಂಡು ದಿಕ್ಕು ತಪ್ಪುತ್ತದೆ, ಧೂಳು ಕುಳಿತರೆ ಕಾಲು ಜಾರುತ್ತದೆ. ಆದುದರಿಂದ ಸಮತಟ್ಟಾದ, ತುಸು ಒರಟಾದ ಸಿಮೆಂಟ್ ನೆಲವೇ ಉತ್ತಮ. ಸುತ್ತ ಓಡಾಡುವ ಜಾಗವೂ ಸೇರಿ 60 ಅಡಿ ಉದ್ದ, 30 ಅಡಿ ಅಗಲ ಸಾಕು. ಮುಂಜಾನೆ ಪ್ರಾರ್ಥನೆಗೆ ಸಾಲು ನಿಲ್ಲುವ ಅಂಗಳವನ್ನೇ ಈ ಅಳತೆಗೆ ಗಟ್ಟಿ ಮಾಡಿಸಿದರೆ ಎರಡು ಕಾರ್ಯ ಸಾಧಿಸಿದಂತಾಗುತ್ತದೆ.

ಬಿಸಿಲಿನ ಮಾತನ್ನೂ ಮರೆಯಲಾಗದು. ಬೇಸಗೆಯಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನೇ ಮುಂಜಾನೆಗೆ ಬದಲಿಸುವ ರೂಢಿಯಿದೆ. ಮಧ್ಯಾಹ್ನದ ತಾಸಿನಲ್ಲಿ ಕಾದ ಸಿಮೆಂಟಿನ ಮೇಲೆ ಮಕ್ಕಳನ್ನು ಬರಿಗಾಲಲ್ಲಿ ಓಡಿಸುವುದು ಶಿಕ್ಷಣವೆನಿಸದು. ಆಟಕ್ಕೆ ಮುಂಜಾನೆಯೇ ಸರಿಯಾದ ಹೊತ್ತು. ಆಗ ಗಾಳಿಯೂ ಸಾಮಾನ್ಯವಾಗಿ ಕಡಿಮೆ. ಒಂದು ಔನ್ಸಿಗಿಂತಲೂ ಹಗುರವಾದ ಈ ಚೆಂಡನ್ನು ಆಷಾಢದ ಗಾಳಿ ಎತ್ತಲೋ ಒಯ್ಯುತ್ತದೆ.

ಇನ್ನುಳಿದುದು ವೆಚ್ಚದ ಹಾಗೂ ಮನಸ್ಸಿನ ಪ್ರಶ್ನೆ. ಶಾಲೆಗಳ ಮೇಲಣ ಅಭಿಮಾನದಿಂದ ದಾನಿಗಳು ಕೊಡುವ ಕ್ರೀಡಾ ಕಾಣಿಕೆಗಳಲ್ಲಿ ಬೆಳ್ಳಿಬಣ್ಣದ ಕಪ್ಪುಗಳಿಗೂ ಫಲಕಗಳಿಗೂ ಹಿರಿಯ ಪಾಲು. ಕೊಡುವವರ ಔದಾರ್ಯ ಪ್ರಶ್ನಾತೀತ. ಆದರೆ ಕಪ್ಪು ವರ್ಷದಲ್ಲಿ ಒಂದು ದಿನ ಒಂದು ಮಗುವಿನ ಕೈಸೇರಿ, ಉಳಿದ ದಿನಗಳಲ್ಲಿ ಮುಖ್ಯಾಧ್ಯಾಪಕರ ಕೋಣೆಯ ಗಾಜಿನ ಕಪಾಟಿನಲ್ಲಿರುತ್ತದೆ. ಸಮನಾದ ನೆಲದ ಮೇಲೆ ದಿನವೂ ನಲವತ್ತು ಮಕ್ಕಳು ನಿಲ್ಲುತ್ತಾರೆ. ದಾನಿಯ ಹೆಸರನ್ನು ಕೆತ್ತಲು ಅಂಗಳದ ಅಂಚಿನಲ್ಲಿಯೂ ಒಂದು ಕಲ್ಲಿಗೆ ಜಾಗವುಂಟು. ಹಳೆಯ ವಿದ್ಯಾರ್ಥಿಗಳು ಬ್ಯಾಟು, ಚೆಂಡುಗಳನ್ನು ಕೊಡುವುದರ ಜೊತೆಗೆ ವಾರಕ್ಕೊಂದು ಮುಂಜಾನೆಯನ್ನೂ ಕೊಡಬಲ್ಲರು. ಈ ಆಟದಲ್ಲಿ ಅವರು ಮಕ್ಕಳ ಎದುರು ನಿಂತು ಆಡಬಹುದಾದುದು ವಿಶೇಷ ಅನುಕೂಲ.

ಶಿಕ್ಷಕರ ಹೊಣೆಯಾದರೋ ಇನ್ನೂ ಮುಖ್ಯವಾದುದು. ಪ್ರತಿ ಮಗುವಿಗೊಂದು ಪುಟವಿರುವ ವಹಿಯನ್ನಿಟ್ಟು, ಎಷ್ಟು ಮೆಲುಹೊಡೆತಗಳು ಉಳಿದವು, ಹತ್ತರಲ್ಲಿ ಎಷ್ಟು ಸರ್ವಿಸ್ ಗುರಿ ಸೇರಿದವು ಎಂಬುದನ್ನು ವಾರಕ್ಕೊಮ್ಮೆ ಬರೆಯಬೇಕು. ಮಗು ತನ್ನ ಹಿಂದಿನ ವಾರದೊಡನೆ ಸ್ಪರ್ಧಿಸಲಿ. ಕ್ರೀಡಾಕೂಟದ ದಿನ ಬಹುಮಾನ ಕೊಡಲೇಬೇಕೆಂದಿದ್ದರೆ, ಗೆದ್ದ ಜೋಡಿಯ ಜೊತೆಗೆ ಆ ವರ್ಷ ಅತಿ ಹೆಚ್ಚು ಪ್ರಗತಿ ತೋರಿದ ಮಗುವನ್ನೂ ವೇದಿಕೆಗೆ ಕರೆಯಲಿ. ಹೆಣ್ಣುಮಕ್ಕಳಿಗೆ ಉಳಿದ ಹೊತ್ತಿನಲ್ಲಿ ಅಂಕಣವೆನ್ನದೆ, ಗಂಡುಮಕ್ಕಳಿಗೆ ಇರುವಷ್ಟೇ ನಿಶ್ಚಿತ ವೇಳೆಯನ್ನು ಪಟ್ಟಿಯಲ್ಲಿ ಬರೆದು ಹಚ್ಚಲಿ. ಎದುರು ಗೆರೆಯಲ್ಲಿ ನಿಂತ ಬಲಿಷ್ಠ ಹುಡುಗನ ಚೆಂಡನ್ನು ಸಣ್ಣ ಕೈಯೊಂದು ಮೆಲ್ಲಗೆ ಬಲೆಯಾಚೆ ಇಳಿಸಿದಾಗ, ಆ ಮಗು ಕಲಿಯುವುದು ಆಟವೊಂದನ್ನೇ ಅಲ್ಲ. ತನಗೂ ಈ ಅಂಗಳದಲ್ಲಿ ಪಾಲುಂಟೆಂಬುದನ್ನು. ಬರುವ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮುನ್ನವೇ ಈ ಕಾರ್ಯಕ್ಕೆ ನೆಲವನ್ನು ಅಳೆದು, ಹೊತ್ತನ್ನು ಗೊತ್ತುಮಾಡುವುದು ಉಚಿತ.