ಕ್ರೂಗರ್ ಕಾಡಿಗೆ ಸಣ್ಣ ಕಾರು ಸಾಕು

ಆಫ್ರಿಕಾ ಸಫಾರಿ ಎಂದೊಡನೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಅದು ದುಡ್ಡಿದ್ದವರ ಬಾಬತ್ತು ಎಂದು ಎಲ್ಲರೂ ಒಪ್ಪಿಕೊಂಡಾಗಿದೆ. ಹಾಗೆ ಅನ್ನಿಸಲು ಕಾರಣವೂ ಇದೆ. ಪ್ರವಾಸದ ಜಾಹೀರಾತುಗಳಲ್ಲಿ ಹೆಚ್ಚಾಗಿ ಕಾಣುವುದು ಕೀನ್ಯಾದ ಮಸಾಯ್ ಮಾರಾ, ಅದೂ ವಿಲ್ಡಬೀಸ್ಟ್ ಹಿಂಡುಗಳು ನದಿ ದಾಟುವ ತಿಂಗಳುಗಳಲ್ಲಿ. 2024ರಿಂದ ಅಲ್ಲಿ ಜುಲೈನಿಂದ ಡಿಸೆಂಬರ್‌ವರೆಗೆ ವಿದೇಶಿ ವಯಸ್ಕರೊಬ್ಬರ ಪ್ರವೇಶ ಶುಲ್ಕ ದಿನಕ್ಕೆ 200 ಡಾಲರ್. ಗಂಡ ಹೆಂಡತಿ ಮೂರು ದಿನ ಉಳಿದರೆ ಬಾಗಿಲಲ್ಲೇ 1,200 ಡಾಲರ್ ಕರಗುತ್ತದೆ. ಜೀಪು, ಚಾಲಕ, ಊಟ, ವಸತಿಯ ಲೆಕ್ಕ ಬೇರೆ. ಆದರೆ ಒಂದು ಕಾಡಿನ ಒಂದು ಋತುವಿನ ದರವನ್ನೇ ಇಡೀ ಖಂಡದ ದರವೆಂದು ನಂಬಿ ಆಸೆಯನ್ನೇ ಬಿಡುವುದು ಸರಿಯಲ್ಲ. ಸಾಮಾನ್ಯ ಪ್ರವಾಸಿಗರಿಗಾಗಿ ರಸ್ತೆ, ವಸತಿ ಕಟ್ಟಿಸಿಟ್ಟಿರುವ ಕಾಡನ್ನು ಆರಿಸಿಕೊಂಡು, ಅಲ್ಲೇ ಹೆಚ್ಚು ದಿನ ನಿಂತರೆ, ಕೆಲವು ವರ್ಷ ಉಳಿತಾಯ ಮಾಡಿದ ಸಂಬಳದಾರರ ಕುಟುಂಬಕ್ಕೂ ಈ ಪ್ರವಾಸ ಎಟುಕುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ ಅಂಥ ಕಾಡು.

ಕ್ರೂಗರ್‌ನ ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್. ನಮ್ಮ ಬಂಡೀಪುರದಂಥ ಇಪ್ಪತ್ತು ಕಾಡುಗಳು ಅದರೊಳಗೆ ಹಿಡಿಸುತ್ತವೆ. 1898ರಲ್ಲಿ ಸಾಬಿ ರಕ್ಷಿತಾರಣ್ಯವಾಗಿ ಶುರುವಾದದ್ದು 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಮೊದಲ ಪ್ರವಾಸಿಗರು ಬಂದದ್ದು ಮೂರೇ ಮೂರು ಕಾರುಗಳಲ್ಲಿ. ಜನ ತಮ್ಮ ಗಾಡಿಯಲ್ಲೇ ಬಂದು ನೋಡಿಕೊಂಡು ಹೋಗುವ ಆ ಪದ್ಧತಿ ಇಂದಿಗೂ ಹಾಗೇ ಉಳಿದಿದೆ. ಮುಖ್ಯ ರಸ್ತೆಗಳಿಗೆ ಡಾಂಬರು ಬಿದ್ದಿದೆ, ಮಣ್ಣಿನ ರಸ್ತೆಗಳೂ ಒಣ ಹವೆಯಲ್ಲಿ ಸಣ್ಣ ಕಾರಿಗೆ ಅಡ್ಡಿಯಿಲ್ಲ. ಡಾಂಬರಿನ ಮೇಲೆ ಗಂಟೆಗೆ 50, ಮಣ್ಣಿನ ಮೇಲೆ 40 ಕಿಲೋಮೀಟರ್ ಮಿತಿ. ನಮ್ಮಲ್ಲಿಯಂತೆ ಅಲ್ಲೂ ರಸ್ತೆಯ ಎಡಬದಿಯಲ್ಲೇ ಓಡಿಸುವುದು. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸಿನ ಜೊತೆಗೆ ಆರ್‌ಟಿಓ ಕಚೇರಿಯಿಂದ ಅಂತರರಾಷ್ಟ್ರೀಯ ಪರ್ಮಿಟ್ಟನ್ನೂ ಮಾಡಿಸಿಕೊಂಡರೆ ಬಾಡಿಗೆ ಕಾರು ಪಡೆಯುವಾಗ ತಕರಾರು ಬರುವುದಿಲ್ಲ. ವಿದೇಶಿಯರ ಪ್ರವೇಶ ಶುಲ್ಕ ದಿನಕ್ಕೆ ಆರುನೂರು ರ‍್ಯಾಂಡ್ ಆಸುಪಾಸು, ಎಂದರೆ ಮೂರು ಸಾವಿರ ರೂಪಾಯಿಗಳಷ್ಟು. ಸ್ಥಳೀಯರು ಕೊಡುವುದು ಇದರ ಕಾಲು ಭಾಗ ಮಾತ್ರ. ಅದರಲ್ಲಿ ಅನ್ಯಾಯವೇನೂ ಇಲ್ಲ, ತಾಜಮಹಲಿನ ಬಾಗಿಲಲ್ಲಿ ನಾವು ಮಾಡುತ್ತಿರುವುದೂ ಅದನ್ನೇ.

ಖರ್ಚು ಕಡಿಮೆ ಮಾಡಹೊರಟವರು ಮೊದಲು ಕತ್ತರಿ ಹಾಕುವುದು ದಿನಗಳಿಗೆ. ನನ್ನ ಪ್ರಕಾರ ಇಡೀ ಯೋಜನೆ ಹದಗೆಡುವುದು ಇಲ್ಲೇ. ವಿಮಾನದ ಟಿಕೆಟ್ಟು, ವೀಸಾ, ಇವೆರಡೇ ಖರ್ಚಿನ ದೊಡ್ಡ ಪಾಲು ನುಂಗುತ್ತವೆ, ಮತ್ತು ಮೂರು ದಿನ ಇದ್ದರೂ ಎಂಟು ದಿನ ಇದ್ದರೂ ಅವು ಬದಲಾಗುವುದಿಲ್ಲ. ಅಷ್ಟು ದುಡ್ಡು ತೆತ್ತು ಹೋಗಿ ಎರಡು ರಾತ್ರಿ ಕಾಡಿನಲ್ಲಿ ಕಳೆದು, ಉಳಿದ ದಿನಗಳಿಗೆ ಕೇಪ್‌ಟೌನ್, ವಿಕ್ಟೋರಿಯಾ ಜಲಪಾತ ಎಂದು ತುರುಕಿಕೊಂಡರೆ ಒಂದೊಂದು ಊರಿಗೂ ಮತ್ತೊಂದು ವಿಮಾನ, ಮತ್ತೊಂದು ಹೋಟೆಲು. ಅದರ ಬದಲು ಜೊಹಾನ್ಸ್‌ಬರ್ಗ್‌ನಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಐದಾರು ಗಂಟೆ ಸಾಗಿ ಕ್ರೂಗರ್ ಸೇರಿ, ಆರು ಏಳು ದಿನ ಅಲ್ಲೇ ನಿಲ್ಲಬೇಕು. ನಾಲ್ವರು ಹಂಚಿಕೊಂಡರೆ ಕಾರಿನ ಬಾಡಿಗೆ, ಪೆಟ್ರೋಲು ಹೊರೆಯೆನಿಸುವುದಿಲ್ಲ. ಕತ್ತರಿ ಹಾಕಬಾರದ ಬಾಬುಗಳೂ ಇವೆ: ಕಾರಿನ ಪೂರ್ಣ ವಿಮೆ, ಮಲೇರಿಯಾ ಔಷಧಕ್ಕಾಗಿ ವೈದ್ಯರ ಭೇಟಿ. ಇಥಿಯೋಪಿಯಾ ಅಥವಾ ಕೀನ್ಯಾದಲ್ಲಿ ವಿಮಾನ ಬದಲಿಸುವಾಗ ಹೆಚ್ಚು ಹೊತ್ತು ತಂಗಬೇಕಾದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವೂ ಬೇಕು. ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ಚಳಿಗಾಲ ಸೂಕ್ತ ಸಮಯ. ಸೊಳ್ಳೆ ಕಡಿಮೆ, ಹುಲ್ಲು ಒಣಗಿ ತಗ್ಗಿರುತ್ತದೆ, ಪ್ರಾಣಿಗಳು ನೀರಿದ್ದಲ್ಲಿಗೆ ಬರಲೇಬೇಕು.

ವಸತಿಯಲ್ಲಿ ಉಳಿಯುವ ದುಡ್ಡೇ ಎಲ್ಲಕ್ಕಿಂತ ಹೆಚ್ಚು. ಸ್ಕುಕುಜಾ, ಲೋವರ್ ಸಾಬಿ, ಸತಾರಾ, ಲೆಟಾಬಾ, ಹೀಗೆ ಕಾಡಿನ ಉದ್ದಕ್ಕೂ ಸರ್ಕಾರಿ ಸಂಸ್ಥೆಯೇ ನಡೆಸುವ ಕ್ಯಾಂಪುಗಳಿವೆ. ಹುಲ್ಲು ಹೊದಿಸಿದ ದುಂಡನೆಯ ಗುಡಿಸಲು, ಒಳಗೆ ಮಂಚ, ಫ್ಯಾನು. ಹಲವು ಕಡೆ ಅಡುಗೆಮನೆ ಇರುವುದು ಹೊರಗಿನ ಜಗಲಿಯ ಮೇಲೆ, ಫ್ರಿಜ್ಜೂ ಅಲ್ಲೇ. ಕೋತಿಗಳು ಬಾಗಿಲು ತೆರೆಯುವುದನ್ನು ಕಲಿತಿರುವುದರಿಂದ ಅದಕ್ಕೆ ಚಿಲಕ ಹಾಕಿಡಬೇಕು. ರಾತ್ರಿ ಬೇಲಿಯ ಆಚೆ ಕತ್ತೆಕಿರುಬ ಮೂಸುತ್ತ ನಡೆಯುತ್ತದೆ. ಕ್ಯಾಂಪಿನ ಅಂಗಡಿಯಲ್ಲಿ ಹಾಲು, ಬ್ರೆಡ್ಡು, ತರಕಾರಿ ಸಿಗುತ್ತವೆ. ಅಕ್ಕಿ, ಬೇಳೆ, ಸಾಂಬಾರ ಪುಡಿಯನ್ನು ಭಾರತೀಯರ ಅಂಗಡಿಗಳಿರುವ ಜೊಹಾನ್ಸ್‌ಬರ್ಗ್‌ನ ಫೋರ್ಡ್ಸ್‌ಬರ್ಗ್‌ನಲ್ಲಿ ಕೊಂಡು ಹೊರಟರೆ ಸಸ್ಯಾಹಾರಿಗಳಿಗೂ ಊಟದ ಚಿಂತೆಯಿಲ್ಲ. ಟೆಂಟಿನ ಜಾಗ ಇನ್ನೂ ಅಗ್ಗ. ಈ ಗುಡಿಸಲುಗಳು ತಿಂಗಳುಗಟ್ಟಲೆ ಮೊದಲೇ ಭರ್ತಿಯಾಗುತ್ತವೆ, ಹಾಗಾಗಿ ಮೊದಲು ಗುಡಿಸಲು ಕಾಯ್ದಿರಿಸಿ, ಆಮೇಲೆ ಟಿಕೆಟ್ಟು ಹುಡುಕುವುದು ಜಾಣತನ.

ಗೈಡ್ ಇಲ್ಲದೆ ಏನು ಕಂಡೀತು ಎಂದು ಕೇಳುವವರಿದ್ದಾರೆ. ನುರಿತ ಗೈಡಿನ ಕಣ್ಣಿಗೆ ಬೀಳುವಷ್ಟು ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬುದು ನಿಜವೇ. ಆದರೆ ಸಿಂಹ, ಚಿರತೆ, ಆನೆ, ಕಾಡೆಮ್ಮೆ ಎಲ್ಲಿ ಕಂಡವು ಎಂದು ಕ್ಯಾಂಪಿನ ನಕ್ಷೆಯ ಮೇಲೆ ಪ್ರವಾಸಿಗರೇ ಗುರುತು ಹಾಕಿರುತ್ತಾರೆ. ಸ್ಕುಕುಜಾದಿಂದ ಲೋವರ್ ಸಾಬಿಗೆ ನದಿಯ ಪಕ್ಕದಲ್ಲೇ ಹೋಗುವ ರಸ್ತೆ, ಅದರ ತುದಿಯಲ್ಲಿ ಮೊಸಳೆ, ನೀರಾನೆಗಳಿರುವ ಸನ್‌ಸೆಟ್ ಡ್ಯಾಮ್, ಸತಾರಾದ ಬಳಿ ಸಿಂಹಗಳಿಗೆ ಹೆಸರಾದ ಎಸ್-100 ಮಣ್ಣಿನ ದಾರಿ, ಇವು ಯಾರಿಗೂ ಗುಟ್ಟಲ್ಲ. ಬೇಕೆನಿಸಿದರೆ ಕ್ಯಾಂಪಿನವರೇ ನಡೆಸುವ ಸಂಜೆಯ ಸಫಾರಿಗೋ ಮುಂಜಾನೆಯ ಕಾಲ್ನಡಿಗೆಗೋ ಒಂದು ದಿನ ದುಡ್ಡು ಕೊಟ್ಟು ಹೋಗಬಹುದು. ಕಬಿನಿಯಂಥ ಕಾಡು ಮಗ್ಗುಲಲ್ಲೇ ಇರುವಾಗ ಅಷ್ಟು ದೂರ ಏಕೆ ಎಂಬುದು ಇನ್ನೊಂದು ಪ್ರಶ್ನೆ. ಕಬಿನಿಯನ್ನು ನೋಡಿದವರೇ ಕ್ರೂಗರ್‌ಗೆ ಹೋಗಲಿ ಎನ್ನುತ್ತೇನೆ. ನಮ್ಮಲ್ಲಿ ಇಲಾಖೆಯ ಜೀಪಿನಲ್ಲಿ ಕೆಲವೇ ಗಂಟೆ ಒಳಗಿದ್ದು ಬರುತ್ತೇವೆ. ದಟ್ಟವಾದ ಸಣ್ಣ ಕಾಡಿಗೆ ಆ ಕಟ್ಟುನಿಟ್ಟು ಬೇಕೇ ಬೇಕು. ಜಿರಾಫೆಯೊಂದು ಕಾಲಗಲಿಸಿ, ಅನುಮಾನಿಸುತ್ತ, ನೀರಿಗೆ ಬಾಗುವುದನ್ನು ಅರ್ಧ ದಿನ ಕಾದು ನೋಡುವ ಅವಕಾಶ ಕ್ರೂಗರ್‌ನಲ್ಲಿದೆ.

ಗಂಭೀರವಾದ ಆಕ್ಷೇಪ ಬೇರೆಯದು. ಅಗ್ಗವಾದರೆ ಜನ ನುಗ್ಗುತ್ತಾರೆ, ಕಾಡು ಕೆಡುತ್ತದೆ. ಬೋಟ್ಸ್‌ವಾನಾದ ಹಾಗೆ ಕೆಲವೇ ಜನರಿಂದ ಹೆಚ್ಚು ಹಣ ಪಡೆಯುವುದೇ ಮೇಲು ಎಂಬ ವಾದ. ಒಕವಾಂಗೋದಂಥ ಜೌಗು ನಾಡಿಗೆ ಅದು ಒಪ್ಪುತ್ತದೆ. ಆದರೆ ಕ್ರೂಗರ್‌ನಲ್ಲಿ ಜನಸಂದಣಿ ಬಹುಪಾಲು ದಕ್ಷಿಣ ಭಾಗದ್ದು. ಸಂಜೆ ಗೇಟು ಮುಚ್ಚುವುದರೊಳಗೆ ಎಲ್ಲರೂ ಕ್ಯಾಂಪು ಸೇರಲೇಬೇಕು, ಗೊತ್ತುಪಡಿಸಿದ ಜಾಗ ಬಿಟ್ಟರೆ ಕಾರಿನಿಂದ ಇಳಿಯುವಂತಿಲ್ಲ. ಇಲ್ಲಿ ಸಾಮಾನ್ಯ ಪ್ರವಾಸಿಗರು ಕೊಟ್ಟ ಹಣದಲ್ಲಿ ಉಳಿಯುವ ಪಾಲು, ಆದಾಯ ಸಾಲದ ಇತರ ರಾಷ್ಟ್ರೀಯ ಉದ್ಯಾನಗಳನ್ನೂ ನಡೆಸುತ್ತದೆ. ಈ ಕಾಡಿನ ಇತಿಹಾಸದಲ್ಲಿ ನೋವೂ ಇದೆ, ಅದನ್ನು ಮುಚ್ಚಿಡಬಾರದು. ವರ್ಣಭೇದದ ಕಾಲದಲ್ಲಿ ಈ ಸೌಕರ್ಯಗಳು ಮುಖ್ಯವಾಗಿ ಬಿಳಿಯರ ಪಾಲಿಗಿದ್ದವು. ಉತ್ತರದ ತುದಿಯ ಪಫೂರಿಯಿಂದ ಮಕುಲೆಕೆ ಜನರನ್ನು 1969ರಲ್ಲಿ ಬಲವಂತವಾಗಿ ಎಬ್ಬಿಸಿ ಕಳಿಸಿದರು. 1998ರಲ್ಲಿ ನೆಲ ಅವರ ಕೈಗೆ ಮರಳಿದಾಗ ಅವರು ಅದನ್ನು ಕಾಡಾಗಿಯೇ ಉಳಿಸಿಕೊಂಡು ಪ್ರವಾಸೋದ್ಯಮದಿಂದ ಆದಾಯ ಪಡೆಯುವ ದಾರಿ ಹಿಡಿದರು. ವಾರವೆಲ್ಲ ದಕ್ಷಿಣದಲ್ಲೇ ಸಿಂಹಗಳ ಹಿಂದೆ ಸುತ್ತುವ ಬದಲು ಒಂದೆರಡು ದಿನ ಪುಂಡಾ ಮರಿಯಾ ಕ್ಯಾಂಪಿನಲ್ಲಿದ್ದು ಪಫೂರಿಗೂ ಹೋಗಿ ಬರಬಹುದು. ಅಲ್ಲಿ ಕಾರುಗಳು ವಿರಳ, ಲಿಂಪೊಪೊ ನದಿಯ ಆಚೆ ಜಿಂಬಾಬ್ವೆ, ದಾರಿಯುದ್ದಕ್ಕೂ ನೂರಾರು ವರ್ಷದ ಬಾವೊಬಾಬ್ ಮರಗಳು.